ನಾಗವೇಣಿ ಅಕ್ಕನ ಕೊರಿಯನ್ ಪಾಠ

ಜೂನ್ 8, ಭಾನುವಾರ. ಬೆಳಿಗ್ಗೆ 6.10ಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ನಾಗವೇಣಿ ಅಕ್ಕ ಪಾಠ ಮಾಡುವಾಗ ಕೂತದ್ದನ್ನು ನಾನು ನೋಡಿಲ್ಲ. ಕೌಲ್ ಬಜಾರಿನಲ್ಲಿ ಅವರು ಜೀನ್ಸ್ ಹೊಲಿಯುತ್ತಿದ್ದ ಕಾರ್ಖಾನೆಯ ಮಾಳಿಗೆಯ ಮೇಲೆ, ಭಾನುವಾರ ಬೆಳಿಗ್ಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ನಮಗೆ ಮೂವರು ಹುಡುಗಿಯರಿಗೆ ಕೊರಿಯನ್ ಕಲಿಸುತ್ತಿದ್ದರು. ಒಂದು ದಿನ ಎಣಿಸಿದೆ: ತಾಸಿಗೆ ಅರವತ್ತೆರಡು ಸುತ್ತು. ಅವರು ಕಲಿತದ್ದು ಕೆಳಗೆ, ಹೊಲಿಗೆ ಯಂತ್ರದ ಮುಂದೆ, ಇಯರ್‌ಫೋನಿನಲ್ಲಿ ಕೊರಿಯನ್ ಧಾರಾವಾಹಿ ಕೇಳುತ್ತಾ. ಕುಪ್ಪಸದ ತೋಳಿಗೆ ಸದಾ ನೀಲಿ ದಾರದ ಚೂರುಗಳು.

ಮೊದಲ ದಿನವೇ ಹೇಳಿದ್ದರು: "ದೊಡ್ಡೋರ ಮುಂದ, ಗುರುತಿಲ್ದೋರ ಮುಂದ ‘ನಾನು’ ಅನ್ನಾಕ ‘ಜೊ’ ಅನ್ಬೇಕು. ಗೆಳತ್ಯಾರ ಕೂಡ ‘ನಾ’. ‘ನಾನುನ್’, ‘ನೇಗಾ’ ಎಲ್ಲಾ ಸಲಗಿ ಮಾತು. ನನ್ ಮುಂದ ಯಾರರ ‘ನಾ’ ಅಂದ್ರ ಮಾಳಿಗಿಯಿಂದ ಇಳಸ್ತೀನಿ ನೋಡ್ರಿ!"

ಹದಿನೇಳು ಭಾನುವಾರ ಹಾಗೇ ನಡೆಯಿತು. ನಾವು ಮೂವರು ನಮ್ಮೊಳಗೆ ‘ನಾ’, ಅಕ್ಕನಿಗೆ ‘ಜೊ’.

ಹದಿನೆಂಟನೆಯ ಭಾನುವಾರ ಉಳಿದಿಬ್ಬರು ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಆ ಗುರುವಾರ ಅವರಿಗೆ ಚೆನ್ನೈನಲ್ಲಿ ಕೊರಿಯನ್ ದುಭಾಷಿ ಕೆಲಸಕ್ಕೆ ಸಂದರ್ಶನವಿತ್ತು. ಗೆಳತಿಯರಂತೆ ಹರಟಿ ತೋರಿಸುವುದೂ ಅದರಲ್ಲಿ ಒಂದು ಭಾಗ. ಆ ಸಲಿಗೆಯ ಮಾತಿನಲ್ಲಿ ಅವರೊಡನೆ ಹರಟಿದವರು ಈವರೆಗೆ ಒಬ್ಬರೂ ಇರಲಿಲ್ಲ.

"ಒಂದ್ ತಾಸು ನನ್ ಗೆಳತಿ ಆಗು. ‘ನಾ’ ಅನ್ನು. ಹೆಸರ್ ಹಿಡ್ದು ಕರಿ."

ಅವರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಎರಡು ಸಲ ಬಾಯಿ ತೆರೆದೆ. ಎರಡೂ ಸಲ ‘ಜೊ’ ಎಂದೇ ಬಂತು.

"ಆಗಂಗಿಲ್ರಿ ಅಕ್ಕ. ನಿಮಗ ಹಂಗ ಅನ್ನಾಕ ನನಗ ಬಾಯೇ ಬರಂಗಿಲ್ಲ."

ನಡಿಗೆ ನಿಂತಿತು. "ಮಂದಿಯೆಲ್ಲಾ ಅಕ್ಕಾ ಅಕ್ಕಾ ಅಂತ ದೂರ ನಿಂತ್ರ, ನಾ ಯಾರ್ ಕೂಡ ಮಾತಾಡ್ಲಿ?" ಎಂದು ನಕ್ಕರು. "ಇರ್ಲಿ ಬಿಡು, ಬಿಸ್ಲಾಯ್ತು, ಮನಿಗೆ ನಡಿ."

ಮುಂದಿನ ಭಾನುವಾರ ಮಾಳಿಗೆಯ ಬಾಗಿಲಿಗೆ ಬೀಗ. ಕೆಲಸ ಬಿಟ್ಟು ಸಿರುಗುಪ್ಪಕ್ಕೆ ಹೋದರೆಂದು ಕಾರ್ಖಾನೆಯವರು ಹೇಳಿದರು. ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದೆ ಅವರ ದೊಡ್ಡಕ್ಕನ ಮನೆ, ಅಲ್ಲಿಗೆ ಹೋದೆ.

"ಒಂದ್ ರಾತ್ರಿ ಇದ್ಲವ್ವ, ಕುರುಗೋಡಿನ್ಯಾಗ ನಮ್ ಹಳೇ ಮನಿಗೆ ಹೋಗ್ತೀನಂತ ಎದ್ಲು. ನಿಂತಲ್ಲಿ ನಿಲ್ಲಾಕಿ ಅಲ್ಲ ಆಕಿ" ಎಂದರು ಆಕೆ.

ಕುರುಗೋಡಿನ ಮನೆಗೆ ಎರಡು ಸಲ ಹೋಗಿದ್ದೇನೆ. ಯಾರೂ ಇಲ್ಲ. ಫೋನ್ ಮಾಡಿದ್ದು ಮೂವತ್ತೊಂದು ಸಲ.

ನಾಗವೇಣಿ ಅಕ್ಕನನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಎಲ್ಲಿದ್ದಾರೆಂದು ಹೇಳದಿದ್ದರೂ ಸರಿ. ಆ ಗುರುವಾರ ಅವರು ಚೆನ್ನೈಗೆ ಹೋದರೋ ಇಲ್ಲವೋ, ಅಷ್ಟು ತಿಳಿಸಿ.