ಬಾಗಿಲಿಲ್ಲದ ಬೀರುಗಳು

ತಮ್ಮನ ಕಬ್ಬಿಣದ ಬೀರು ಕಾರ್ಖಾನೆಗೆ ಅಕ್ಕ ಬಂದದ್ದು ನಿವೃತ್ತಿಯಾದ ಮೇಲೆ. ಬಸ್ಸಿನ ಬಾಡಿ ಕಟ್ಟುವ ಕಂಪನಿಯಲ್ಲಿ ಯಾವ ಕೆಲಸ ಯಾವಾಗ, ಯಾವ ಯಂತ್ರದಲ್ಲಿ ಎಂದು ಗೊತ್ತುಮಾಡುವುದೇ ಅವಳ ಉದ್ಯೋಗವಾಗಿತ್ತು. ಇನ್ನು ಹಾಯಾಗಿ ಕಾಲು ಚಾಚಿ ಕೂರೋಣ ಎಂದುಕೊಂಡಿದ್ದವಳನ್ನು ತಮ್ಮ ಬಿಡಲಿಲ್ಲ.

“ಆರ್ಡರ್ ಮೇಲೆ ಆರ್ಡರ್ ಬರ್ತಿದೆ ಅಕ್ಕ. ಒಂದೂ ಹೊತ್ತಿಗೆ ಸರಿಯಾಗಿ ಹೋಗ್ತಿಲ್ಲ. ಬಂದು ಸ್ವಲ್ಪ ನೋಡು,” ಎಂದು ದುಂಬಾಲು ಬಿದ್ದ.

ಒಂದು ಶೆಡ್ಡಿನಲ್ಲಿ ಶುರುವಾದ ಕಾರ್ಖಾನೆ ನೋಡನೋಡುತ್ತಿದ್ದಂತೆ ಅಕ್ಕಪಕ್ಕದ ಶೆಡ್ಡುಗಳನ್ನೂ ನುಂಗಿತ್ತು. ಆದರೂ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿಲ್ಲದ ಬೀರುಗಳು ಗೋಡೆಯುದ್ದಕ್ಕೂ ಬಾಯಿ ಬಿಟ್ಟುಕೊಂಡು ನಿಂತಿದ್ದವು.

“ಬಾಗಿಲು ಎಲ್ಲಪ್ಪಾ?” ಎಂದು ಮೇಸ್ತ್ರಿಯನ್ನು ಕೇಳಿದಳು.

“ಬಾಗಿಲು ಮಾಡೋ ಹೊತ್ತಿಗೆ ಬೇರೆ ಅರ್ಜೆಂಟ್ ಬಂತು ಅಕ್ಕಾವ್ರೇ. ನಮ್ಮಲ್ಲಿ ಅರ್ಜೆಂಟ್ ಅಲ್ಲದ್ದು ಅಂದ್ರೆ ಊಟ ಒಂದೇ.”

ಅಕ್ಕ ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೆಲವು ದಿನ ಸುಮ್ಮನೆ ಕುಳಿತಳು. ಗಿರಾಕಿಯ ಫೋನ್ ಬಂದದ್ದೇ ತಡ, ತಮ್ಮ ಮಹಡಿಯ ಆಫೀಸಿನಿಂದ ಓಡಿ ಬಂದು, ನಡೆಯುತ್ತಿದ್ದ ಕೆಲಸ ನಿಲ್ಲಿಸಿ, ಅಚ್ಚು ಬದಲಾಯಿಸಿ, ಆ ಗಿರಾಕಿಯ ಕೆಲಸ ಹಚ್ಚುತ್ತಿದ್ದ. ಮಧ್ಯಾಹ್ನ ಇನ್ನೊಂದು ಫೋನ್, ಇನ್ನೊಂದು ಅಚ್ಚು. ಆಗುವುದಿಲ್ಲ ಎನ್ನಲು ಅವನಿಗೆ ಬಾಯೇ ಬಾರದು, ಚಿಕ್ಕಂದಿನಿಂದಲೂ ಅಷ್ಟೇ.

ಊಟಕ್ಕೆ ಕೂತಾಗ ಹೇಳಿದಳು: “ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತು ಕಣೋ. ನಿನ್ನಲ್ಲೇ.”

ತಮ್ಮನ ತುತ್ತು ಕೈಯಲ್ಲೇ ಉಳಿಯಿತು. “ನಾನು ಕಟ್ಟಿದ ಕಾರ್ಖಾನೆಗೆ ನಾನೇ ಅಡ್ಡಗಾಲಾ?”

“ಒಂದು ತಿಂಗಳು ಕೆಳಗೆ ಇಳೀಬೇಡ. ಯಂತ್ರಕ್ಕೆ ಯಾವ ಕೆಲಸ ಅಂತ ನಾನೂ ಮೇಸ್ತ್ರಿನೂ ನೋಡ್ಕೋತೀವಿ. ಗಿರಾಕಿಗೆ ಮಾತು ಕೊಡೋ ಮುಂಚೆ ನಮ್ಮನ್ನ ಕೇಳು.”

ಅವನು ಮುಖ ಊದಿಸಿಕೊಂಡು ಎದ್ದುಹೋದ. ನಾಲ್ಕು ದಿನ ಊಟಕ್ಕೂ ಜೊತೆಗೆ ಕೂರಲಿಲ್ಲ. ಹೇಳಿದ್ದು ಕೆಲಸದವರ ಮುಂದಲ್ಲದಿದ್ದರೂ, ಸ್ವಲ್ಪ ಮೆತ್ತಗೆ ಹೇಳಬಹುದಿತ್ತೇನೋ ಎಂದು ಅಕ್ಕನಿಗೂ ಚುಚ್ಚಿತು. ಕೊನೆಗೆ ಅವನೇ ಬಂದ. “ಒಂದೇ ತಿಂಗಳು. ಆಮೇಲೆ ನೋಡೋಣ.”

ನಿಂತಿರುವ ಬೀರುಗಳಿಗೆಲ್ಲ ಬಾಗಿಲು ಕೂರುವವರೆಗೆ ಹೊಸದೊಂದನ್ನೂ ಶುರುಮಾಡಕೂಡದು ಎಂದು ಅಕ್ಕ ಕಟ್ಟಪ್ಪಣೆ ಮಾಡಿದಳು. ಬಾಗಿಲುಗಳ ತಗಡೆಲ್ಲ ಒತ್ತಿಯಾಗಿ ದೊಡ್ಡ ಪ್ರೆಸ್ಸು ಸುಮ್ಮನೆ ನಿಂತಾಗ ಕೆಲಸದವರು ಗೊಣಗಿದರು. ಅದೇ ಹೊತ್ತಿಗೆ ಹಳೆಯ ಗಿರಾಕಿಯೊಬ್ಬರು ಕಾಯಲಾರೆನೆಂದು ಬೇರೆ ಕಡೆ ಹೋದರು. “ನೋಡು, ಹೋಯ್ತು!” ಎಂದು ತಮ್ಮ ಮೆಟ್ಟಿಲ ಮೇಲಿಂದಲೇ ಕೂಗಿದ. ತಪ್ಪು ಮಾಡಿದೆನೇ ಎಂದು ಅಕ್ಕನಿಗೆ ಅನ್ನಿಸಿತು. ಆದರೂ ಪಟ್ಟು ಸಡಿಲಿಸಲಿಲ್ಲ.

ಒಂದೊಂದಾಗಿ ಬಾಗಿಲುಗಳು ಕೂತವು, ಬಣ್ಣವಾಯಿತು, ಬೀರುಗಳು ಲಾರಿ ಹತ್ತಿದವು. ತಿಂಗಳ ಕೊನೆಗೆ ಶೆಡ್ಡಿನ ನೆಲ ಕಾಣತೊಡಗಿತು.

ಆ ವಾರ ಫೋನ್ ಬಂದಾಗ ತಮ್ಮ ಅಕ್ಕನ ಕಡೆ ನೋಡಿದ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. “ನಾಳೆ ಆಗಲ್ಲ ಸಾರ್. ಮುಂದಿನ ವಾರ ಖಂಡಿತ,” ಎಂದವನೇ ಬೆವರು ಒರೆಸಿಕೊಂಡ. “ಒಪ್ಕೊಂಡ್ಬಿಟ್ರು ಕಣೇ ಅಕ್ಕ!”

ಹೋದ ಗಿರಾಕಿ ಮರಳಲಿಲ್ಲ. ಆ ಕೊರಗು ತಮ್ಮನಿಗೆ ಇದ್ದೇ ಇದೆ. ಅಕ್ಕ ಈಗ ಸೋಮವಾರ ಮಾತ್ರ ಬರುತ್ತಾಳೆ. ಉಳಿದ ದಿನಗಳನ್ನು ಮೇಸ್ತ್ರಿಯೇ ನಿಭಾಯಿಸುತ್ತಾನೆ.