ಎಡಗಣ್ಣಿನ ರೆಪ್ಪೆ

ಇವತ್ತು ಬೆಳಿಗ್ಗೆ ಗೋಧಿ ಬೀಸಿಸಲು ಮುಂಬಯಿಯ ಚೆಂಬೂರು ಕ್ಯಾಂಪಿನ ಗಿರಣಿಗೆ ಹೋಗಿದ್ದೆ. ಹಿಟ್ಟಿನ ಪ್ಯಾಕೆಟ್ ಮನೆ ಬಾಗಿಲಿಗೇ ಬರುವ ಈ ಕಾಲದಲ್ಲೂ ಡಬ್ಬ ಹೊತ್ತುಕೊಂಡು ಗಿರಣಿಯ ಮುಂದೆ ಸಾಲು ನಿಲ್ಲುವ ಕೆಲವು ಹಟಮಾರಿಗಳು ನಮ್ಮ ಕಡೆ ಇನ್ನೂ ಉಳಿದಿದ್ದಾರೆ, ಅವರಲ್ಲಿ ನಾನೂ ಒಬ್ಬ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಉಳಿದವರಿಗೆ ಚಪಾತಿಯ ನೆನಪಾಗಬಹುದು. ನನಗೆ ಪೆನ್ಸಿಲಿನ ನೆನಪಾಗುತ್ತದೆ. ಅದರ ಬೆನ್ನಿಗೇ ಹೆದರಿಕೆಯೂ ಆಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಈ ಗಿರಣಿಯ ಮೇಲಿನ ಗಿಡ್ಡ ಮಾಳಿಗೆಯಲ್ಲಿ ನಾನು ಚಿತ್ರ ಬರೆಯಲು ಕಲಿತೆ. ಕಲಿತೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು, ಕೂತೆ ಎನ್ನೋಣ. ಆಗ ನನಗೆ ಐವತ್ತೆಂಟು, ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ, ನಿವೃತ್ತಿಗೆ ಎರಡು ವರ್ಷ ಬಾಕಿ. ಮೀಟಿಂಗುಗಳಲ್ಲಿ ಕಾಗದದ ಅಂಚಿಗೆ ಮ್ಯಾನೇಜರರ ಮೂಗು ಬರೆಯುವ ಚಟ ಮೊದಲಿನಿಂದಲೂ ಇತ್ತು. ಎಷ್ಟು ಮ್ಯಾನೇಜರರು ವರ್ಗವಾಗಿ ಹೋದರೂ ಬಂದರೂ ನನ್ನ ಕೈಯಲ್ಲಿ ಎಲ್ಲರಿಗೂ ಅದೇ ಮೂಗು. ನಿವೃತ್ತನಾದ ಮೇಲೆ ಮಾಡುವುದೇನು ಎಂಬ ಭಯದಲ್ಲಿ ಒಂದು ಭಾನುವಾರ, ಗಿರಣಿಯ ಪಕ್ಕದ 'ಡ್ರಾಯಿಂಗ್ ಕ್ಲಾಸ್' ಎಂಬ ಬೋರ್ಡು ನೋಡಿ ಮೆಟ್ಟಿಲು ಹತ್ತಿಬಿಟ್ಟೆ. ಬೋರ್ಡಿನ ಅಕ್ಷರ ಅಷ್ಟು ಚೆನ್ನಾಗಿತ್ತು.

ಮೇಲೆ ಐದಾರು ಶಾಲೆಯ ಹುಡುಗಿಯರು ಚಾಪೆಯ ಮೇಲೆ ಕೂತಿದ್ದರು. ಅಜ್ಜ ಮೊಮ್ಮಗಳನ್ನು ಕ್ಲಾಸಿಗೆ ಸೇರಿಸಲು ಬಂದಿದ್ದಾನೆಂದು ಎಲ್ಲರೂ ನನ್ನ ಹಿಂದೆ ಮೊಮ್ಮಗಳನ್ನು ಹುಡುಕಿದರು. ಮಾಸ್ತರರೊಬ್ಬರು ಮಾತ್ರ ಹುಡುಕಲಿಲ್ಲ. "ಚಾಪೀ ಮ್ಯಾಲ ಕುಂದ್ರಾಕ ಆಕ್ಕೇತೇನ್ರೀ ಸಾಹೇಬ್ರ?" ಎಂದು ಕೇಳಿ, ಆಗುವುದಿಲ್ಲವೆಂದು ನನ್ನ ಮುಖದಲ್ಲೇ ಓದಿ ಒಂದು ಸ್ಟೂಲು ಎಳೆದು ಹಾಕಿದರು.

ಅವರು ಇಮಾಮಸಾಬರು, ಗದಗದ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋಟೆಲುಗಳ ಬೋರ್ಡು ಬರೆದವರು. ಫೋರ್ಟಿನಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ನಮ್ಮೂರವರ ಹೋಟೆಲಿನ 'ರೈಸ್ ಪ್ಲೇಟ್ ರೆಡಿ' ಎಂಬ ಅಕ್ಷರಗಳೂ ಅವರ ಕುಂಚದವೇ ಎಂದು ತಿಳಿದಾಗ ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಅದರ ಕೆಳಗೆ ಹಾದುಹೋಗಿ ಉಂಡಿದ್ದೇನೆ, ಅದನ್ನು ಒಬ್ಬ ಮನುಷ್ಯ ಬರೆದಿರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಫ್ಲೆಕ್ಸ್ ಬಂದಮೇಲೆ ಬೋರ್ಡಿನ ಕೆಲಸ ನಿಂತುಹೋಯಿತು. ಅಂದಿನಿಂದ ಮಾಸ್ತರಿಕೆ.

ಮೊದಲ ತಿಂಗಳು ಪೂರ್ತಿ ಒಂದು ಸ್ಟೀಲ್ ಲೋಟ. ಕೆಳಗೆ ಗಿರಣಿ ಗುಡುಗುತ್ತಿತ್ತು, ಮಾಳಿಗೆ ನಡುಗುತ್ತಿತ್ತು, ಸಂದಿಯಿಂದ ಏರಿದ ಹಿಟ್ಟಿನ ಧೂಳು ಹಾಳೆಯ ಮೇಲೆ ನವಿರಾಗಿ ಕೂರುತ್ತಿತ್ತು. ನಾನು ಲೋಟದ ಬಾಯನ್ನು ದುಂಡಗೆ ಬರೆದು, ತಳವನ್ನು ನೇರ ಗೆರೆ ಎಳೆದು ತೋರಿಸಿದೆ. ಇಮಾಮಸಾಬರು ಬಹಳ ಹೊತ್ತು ನೋಡಿ ಹೇಳಿದರು:

"ಸಾಹೇಬ್ರ, ನೀವು ಲೋಟಾ ತಗದಿಲ್ರೀ. ಲೋಟದ ಸುದ್ದಿ ತಗದೀರಿ. ಯಾರೋ ನಿಮಗ ಹೇಳ್ಯಾರ, ಲೋಟದ ಬಾಯಿ ಗುಂಡಗ ಇರ್ತೈತಿ ಅಂತ. ಅದನ್ನ ತಗದೀರಿ. ಕಣ್ಣಿಗೆ ಕಂಡದ್ದನ್ನ ತಗೀರಿ."

ಅವರದೊಂದು ಕಟ್ಟುನಿಟ್ಟು ಇತ್ತು. ಪ್ರತಿ ಚಿತ್ರದ ಕೆಳಗೆ ತಾರೀಕು ಮತ್ತು ಗಂಟೆ ಬರೆಯಬೇಕು. ಬೆಳಕು ಹೊತ್ತುಹೊತ್ತಿಗೆ ಬದಲಾಗುವುದರಿಂದ ನೆರಳೂ ಬದಲಾಗುತ್ತದೆ, ಗಂಟೆ ಗೊತ್ತಿಲ್ಲದಿದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಜೀವನವಿಡೀ ಕಾಗದದ ಮೇಲೆ ತಾರೀಕು ಹಾಕಿದ ನನಗೆ ಇದೊಂದು ಮಾತ್ರ ಸಲೀಸಾಗಿ ಬಂತು.

ಲೋಟ, ಚಪ್ಪಲಿ, ಬಾಳೆಹಣ್ಣು, ಕೈಬೆರಳು ಎಂದು ಆರು ತಿಂಗಳು ಕಳೆದ ಮೇಲೆ ಮುಖಗಳ ಪಾಠ ಬಂತು. "ಕಣ್ಣು ಮುಚ್ಚಿ ನಿಮ್ಮ ಮನ್ಯಾಗಿನವರ ಮುಖ ನೆನಸ್ರಿ," ಎಂದರು ಮಾಸ್ತರರು. "ಈಗ ಹಾಳೀ ಮ್ಯಾಲ ಇಳಸ್ರಿ."

ನಾನು ಬೊಟ್ಟು ಬರೆದೆ. ತುರುಬು ಬರೆದೆ. ಕಿವಿಯೋಲೆ ಬರೆದೆ. ಅಲ್ಲಿಗೆ ಕೈ ನಿಂತಿತು. ನನ್ನ ಹೆಂಡತಿ ವಾರಿಜಳ ಮೂಗು ಹೇಗಿದೆ? ಗಲ್ಲದ ಮೇಲಿನ ಮಚ್ಚೆ ಎಡಕ್ಕೋ ಬಲಕ್ಕೋ? ಮೂವತ್ತು ವರ್ಷದಿಂದ ನನ್ನೆದುರು ಕೂತು ಉಂಡವಳ ಹುಬ್ಬು ಬಿಲ್ಲಿನಂತಿದೆಯೋ ನೇರವಾಗಿದೆಯೋ ನನಗೆ ಗೊತ್ತಿರಲಿಲ್ಲ. ಪಕ್ಕದ ಹುಡುಗಿ ತನ್ನ ಅಮ್ಮನ ಮುಖವನ್ನು ಸರಸರನೆ ಬರೆದು ಮುಗಿಸಿ ಬಣ್ಣದ ಡಬ್ಬಿ ತೆರೆದಿದ್ದಳು. ನನ್ನ ಹಾಳೆಯಲ್ಲಿ ಓಲೆ, ತುರುಬು, ಬೊಟ್ಟು ತೂಗಾಡುತ್ತಿದ್ದವು. ನಡುವೆ ಯಾರೂ ಇರಲಿಲ್ಲ.

ಮಾಸ್ತರರು ಹಂಗಿಸಲಿಲ್ಲ. "ದಿನಾ ಒಂದ್ಸಲ ಅವರನ್ನ ಎದುರಿಗೆ ಕುಂದ್ರಿಸಿ ತಗೀರಿ," ಎಂದಷ್ಟೇ ಹೇಳಿದರು.

ವಾರಿಜ ಒಪ್ಪಲಿಲ್ಲ. "ನನ್ನ ಮುಖ ಎಂತಕ್ಕೆ? ಕಿಟಕಿ ಹೊರಗೆ ಮರ ಉಂಟಲ್ಲ, ಅದನ್ನು ಬರೀರಿ. ಅದು ಮಾತಾಡುದೂ ಇಲ್ಲ," ಎಂದಳು. ಕೊನೆಗೆ ಒಪ್ಪಂದವಾಯಿತು: ಅವಳು ಅವಳ ಕೆಲಸ ಮಾಡುತ್ತಿರುತ್ತಾಳೆ, ನಾನು ನನ್ನ ಪಾಡಿಗೆ ಬರೆಯಬಹುದು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಬರೆಯುತ್ತಿದ್ದೆ. ಉಳಿದ ದಿನ ಸಂಜೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಮನೆ ಸೇರಿ, ಏಳು ಗಂಟೆಗೆ ಅವಳು ಪಲ್ಯಕ್ಕೆ ಅಲಸಂಡೆ ಕಾಯಿ ಮುರಿಯುತ್ತ ಕೂತಾಗ ಟ್ಯೂಬ್‌ಲೈಟಿನ ಕೆಳಗೆ.

ಎರಡು ತಿಂಗಳಲ್ಲಿ ಮೂಗು ಒಂದು ಹದಕ್ಕೆ ಬಂತು. ಮಚ್ಚೆ ಬಲಕ್ಕಿತ್ತು. ಆದರೆ ಎಡಗಣ್ಣು ಮಾತ್ರ ಪಟ್ಟು ಹಿಡಿದಿತ್ತು. ಎಷ್ಟು ಗಮನವಿಟ್ಟು ಬರೆದರೂ ಎಡಗಣ್ಣಿನ ಮೇಲಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೆಳಗಿಳಿದು, ಅರ್ಧ ನಿದ್ದೆಯಲ್ಲಿರುವ ಕಣ್ಣಾಗುತ್ತಿತ್ತು. ಎರಡು ಕಣ್ಣೂ ಸಮ ಇರಬೇಕಲ್ಲವೇ? ಅಳಿಸಿ ಮೇಲೆತ್ತಿ ಬರೆಯುತ್ತಿದ್ದೆ. ಮರುದಿನ ಮತ್ತೆ ಕೆಳಗೆ. ಮತ್ತೆ ಅಳಿಸುವುದು. ಕೆಲವು ಹಾಳೆಗಳಲ್ಲಿ ಅಲ್ಲಿ ಕಾಗದವೇ ನವೆದು ರೋಮವೆದ್ದಿತ್ತು.

"ಎಷ್ಟು ಸಲ ಉಜ್ಜುತ್ತೀರಿ? ಕಾಗದ ತೂತಾಗ್ತದೆ," ಎಂದಳು ಒಂದು ಸಂಜೆ.

"ನನ್ನ ಕೈಯೇ ಸರಿ ಇಲ್ಲ ಮಾರಾಯ್ತಿ, ಕಣ್ಣು ಇಳಿದುಬಿಡ್ತದೆ," ಎಂದೆ.

ಅವಳು ಒಂದು ಕ್ಷಣ ಅಲಸಂಡೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಕೆಲಸ ಮುಂದುವರಿಸಿದಳು. ಆ ನೋಟವನ್ನೂ ನಾನು ನೋಡಿದ್ದೆ. ಬಹುಶಃ ಅವಳ ಕತ್ತಿನ ಕೋನ ಬದಲಾಯಿತಲ್ಲ ಎಂದು ನಾನು ಗೊಣಗಿಕೊಂಡಿರಬೇಕು.

ಮುಂದಿನ ಭಾನುವಾರ ಚಿತ್ರದ ಪುಸ್ತಕವನ್ನು ಇಮಾಮಸಾಬರ ಮುಂದಿಟ್ಟು ಪೇಚಾಡಿಕೊಂಡೆ. ಅವರು ಒಂದೊಂದೇ ಹಾಳೆ ತಿರುವಿದರು. ಇದ್ದಕ್ಕಿದ್ದಂತೆ ನನ್ನನ್ನು ಕೇಳದೆಯೇ ಹಾಳೆಗಳನ್ನು ಪುಸ್ತಕದಿಂದ ಬಿಡಿಸತೊಡಗಿದರು. ಕೆಳಗೆ ಬರೆದ ಗಂಟೆ ನೋಡಿ ನೋಡಿ ಚಾಪೆಯ ಮೇಲೆ ಎರಡು ಸಾಲು ಮಾಡಿದರು. ಒಂದರಲ್ಲಿ ಬೆಳಗಿನವು, ಇನ್ನೊಂದರಲ್ಲಿ ಸಂಜೆಯವು.

ಬೆಳಗಿನ ಸಾಲಿನಲ್ಲಿ ವಾರಿಜ ಎರಡೂ ಕಣ್ಣು ತೆರೆದು ಕೂತಿದ್ದಳು. ಒಂದರಲ್ಲೂ ಅಳಿಸಿದ ಗುರುತಿರಲಿಲ್ಲ. ಸಂಜೆಯ ಸಾಲಿನ ಪ್ರತಿ ಹಾಳೆಯಲ್ಲೂ ಎಡಗಣ್ಣಿನ ಮೇಲೆ ಬೂದು ಕಲೆ, ಕಲೆಯ ಅಡಿಯಲ್ಲಿ ನಾನು ಅಳಿಸಿದ್ದ ಇಳಿದ ರೆಪ್ಪೆಯ ಗೆರೆ. ತಾರೀಕು ಮುಂದೆ ಹೋದಂತೆ ಆ ಗೆರೆ ಇನ್ನಷ್ಟು ಕೆಳಗಿತ್ತು.

"ಗ್ವಾಡೀ ಮ್ಯಾಲ ಬೋರ್ಡ್ ಬರೆಯುವಾಗ ಅದೇ ಅಕ್ಷರ ಅದೇ ಜಾಗಾದಾಗ ಮತ್ತ ಮತ್ತ ಸೊಟ್ಟ ಬಂತು ಅಂದ್ರ, ಕೈ ತಪ್ಪಲ್ರೀ ಸಾಹೇಬ್ರ," ಎಂದರು ಇಮಾಮಸಾಬರು ಮೆಲ್ಲಗೆ. "ಗ್ವಾಡೀನ ಅಲ್ಲಿ ಸೊಟ್ಟ ಇರ್ತೈತಿ. ನಿಮ್ಮ ಕೈ ಖರೇನ ತಗದೈತಿ. ನೀವು ಅಳಿಸೀರಿ. ಅಕ್ಕಾರನ್ನ ದವಾಖಾನಿಗೆ ಕರಕೊಂಡು ಹೋಗ್ರಿ. ನಾಳೆ ಅನಬ್ಯಾಡ್ರಿ."

ಕೆಳಗೆ ಗಿರಣಿ ತಿರುಗುತ್ತಲೇ ಇತ್ತು. ನನಗೆ ಅದರ ಸದ್ದು ಕೇಳಿಸಲಿಲ್ಲ. ಸ್ಟೂಲಿನಿಂದ ಹೇಗೆ ಎದ್ದೆ, ಮೆಟ್ಟಿಲು ಹೇಗೆ ಇಳಿದೆ, ರಸ್ತೆ ಹೇಗೆ ದಾಟಿದೆ ಒಂದೂ ನೆನಪಿಲ್ಲ. ಕೈಯಲ್ಲಿ ಬಿಡಿ ಹಾಳೆಗಳಿದ್ದವು ಎಂಬುದಷ್ಟೇ ನೆನಪು.

ಮನೆಯಲ್ಲಿ ವಾರಿಜ ಕಾಫಿ ಬಗ್ಗಿಸುತ್ತಿದ್ದಳು. ಎಡ ಅಂಗೈಯನ್ನು ಎಡಗಣ್ಣಿಗೆ ಮುಚ್ಚಿಕೊಂಡಿದ್ದಳು. ಹಾಗೆ ನಿಂತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಹಬೆ ಕಣ್ಣಿಗೆ ಹೊಡೆಯುತ್ತದೆ ಎಂದುಕೊಂಡಿದ್ದೆ.

"ಕಣ್ಣು ಯಾಕೆ ಮುಚ್ಚಿದ್ದಿ?"

"ಇಲ್ಲದಿದ್ರೆ ಎರಡು ಲೋಟ ಕಾಣ್ತದೆ," ಎಂದಳು, ಹಾಲು ಮುಗಿದಿದೆ ಎನ್ನುವಷ್ಟು ಸಹಜವಾಗಿ. "ಯಾವುದು ನಿಜದ್ದು ಅಂತ ಗೊತ್ತಾಗುದಿಲ್ಲ."

"ಯಾವಾಗಿನಿಂದ?"

"ಚೌತಿಯಿಂದ." ಅಂದರೆ ನಾಲ್ಕು ತಿಂಗಳು. ಕೇಳಿದಂತೆ ಒಂದೊಂದೇ ಹೊರಬಂತು. ಸಂಜೆಯಾದರೆ ರೆಪ್ಪೆ ಎತ್ತಲಾಗುವುದಿಲ್ಲ. ಅನ್ನ ಅಗಿಯುತ್ತ ಅಗಿಯುತ್ತ ದವಡೆ ಸೋಲುತ್ತದೆ. ಹಾಗಾಗಿ ನನಗೆ ಬಡಿಸಿ ತಾನು ಆಮೇಲೆ ಗಂಜಿ ಕುಡಿಯುತ್ತಿದ್ದಳು. ಒಂದು ವಾರದಿಂದ ನೀರೂ ನೆತ್ತಿಗೇರುತ್ತಿತ್ತು.

"ನನಗೆ ಯಾಕೆ ಹೇಳಲಿಲ್ಲ?" ನನ್ನ ಸ್ವರ ಏರಿತು. ಗಾಬರಿಯಾದ ಗಂಡಸರಿಗೆ ಸಿಟ್ಟೊಂದೇ ಬರುವುದು ನೋಡಿ.

ಅವಳು ಲೋಟ ಕೆಳಗಿಟ್ಟಳು. "ಮೊದಲು ವಯಸ್ಸು ಅಂತ ಸುಮ್ಮನಾದೆ. ಆಮೇಲೆ ನೀವು ದಿನಾ ಎದುರು ಕೂತು ನೋಡ್ಲಿಕ್ಕೆ ಶುರು ಮಾಡಿದ್ರಲ್ಲ. ಇಷ್ಟು ನೋಡುವವರು ಇವತ್ತಲ್ಲ ನಾಳೆ ಕೇಳ್ತಾರೆ ಅಂತ ಕಾದೆ. ಆ ದಿನ ಕಣ್ಣು ಇಳೀತದೆ ಅಂದ್ರಿ. ಈಗ ಕೇಳ್ತಾರೆ ಅಂದ್ಕೊಂಡೆ. ನೀವು ರಬ್ಬರ್ ತಗೊಂಡ್ರಿ."



ಅರ್ಧ ಗಂಟೆಯಲ್ಲಿ ಟ್ಯಾಕ್ಸಿಯಲ್ಲಿದ್ದೆವು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಹೊತ್ತು ಇನ್ನೂ ಮಧ್ಯಾಹ್ನದ್ದು, ರೆಪ್ಪೆ ಅಷ್ಟಾಗಿ ಇಳಿದಿರಲಿಲ್ಲ. ಸಂಜೆ ಹೇಗಿರುತ್ತದೆ ಎಂದು ಕೇಳಿದಾಗ ನಾನು ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಅವರು ಒಂದೊಂದನ್ನೂ ತಾರೀಕಿನ ಪ್ರಕಾರ ಜೋಡಿಸಿಕೊಂಡು, ಕಲೆಯ ಅಡಿಯ ಗೆರೆಯ ಮೇಲೆ ಬೆರಳಾಡಿಸಿದರು. "ಯೇ ಆಪ್ ನೇ ಮಿಟಾಯಾ ಕ್ಯೂಂ?" ಇದನ್ನು ನೀವು ಅಳಿಸಿದ್ದೇಕೆ? ಚಿತ್ರ ಚೆನ್ನಾಗಿ ಕಾಣಲಿ ಎಂದು ಅಳಿಸಿದ್ದೆ.

ಕಾಯಿಲೆಗೆ ದೊಡ್ಡ ಹೆಸರಿತ್ತು. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ, ದುಡಿದಷ್ಟೂ ಸ್ನಾಯು ಸೋಲುತ್ತದೆ, ಔಷಧವಿದೆ ಎಂದು ಬಿಡಿಸಿ ಹೇಳಿದರು. ಆದರೆ ಅದು ಗಂಟಲಿಗೆ ಇಳಿದಿದೆ, ಉಸಿರಿಗೆ ಇಳಿಯುವ ಮುಂಚೆ ದಾಖಲು ಮಾಡಬೇಕು ಎಂದರು. ಎರಡನೆಯ ದಿನವೇ ಉಸಿರಿಗೆ ಇಳಿಯಿತು. ಮನೆಯಲ್ಲಿದ್ದಿದ್ದರೆ? ಡಾಕ್ಟರ್ ಆ ವಾಕ್ಯ ಮುಗಿಸಲಿಲ್ಲ. ನಾನೂ ಮುಗಿಸಿಲ್ಲ.

ಪವಾಯಿಯಲ್ಲಿರುವ ಮಗಳು ಶ್ರೇಯಾ ಓಡಿಬಂದಳು. ಅವಳ ಕನ್ನಡ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ, ಅಂದು ಇನ್ನೂ ಬೇಗ ನಿಂತಿತು. "ಪಪ್ಪಾ, ಮಮ್ಮಿ ವಿಡಿಯೋ ಕಾಲಲ್ಲಿ ಆಧಾ ಫೇಸ್ ಹೀ, ಅರ್ಧ ಮುಖಾನೇ ತೋರಿಸ್ತಿದ್ಲು. ನಾನು ಅಂದ್ಕೊಂಡೆ, ಅವಳಿಗೆ ಫೋನ್ ಸರಿ ಹಿಡೀಲಿಕ್ಕೆ ಬರುದಿಲ್ಲ ಅಂತ. ನಗ್ತಿದ್ದೆ ನಾನು." ನಾವಿಬ್ಬರೂ ಗಾಜಿನ ಬಾಗಿಲ ಈಚೆ ಬೆಂಚಿನ ಮೇಲೆ ಕೂತೆವು. ಪರಸ್ಪರ ಸಮಾಧಾನ ಹೇಳುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

ಒಂಬತ್ತು ದಿನ ಯಂತ್ರ ಅವಳಿಗಾಗಿ ಉಸಿರಾಡಿತು. ಬಾಯಲ್ಲಿ ಕೊಳವೆ, ಮಾತಿಲ್ಲ. ಐದನೆಯ ದಿನ ಕೈಸನ್ನೆ ಮಾಡಿ ಬರೆಯಲು ಏನಾದರೂ ಕೇಳಿದಳು. ನನ್ನ ಚೀಲದಲ್ಲಿದ್ದುದು ಅದೇ ಪುಸ್ತಕ. ಖಾಲಿ ಹಾಳೆಯ ಮೇಲೆ ನಡುಗುವ ಅಕ್ಷರದಲ್ಲಿ ಬರೆದಳು: ಇಲ್ಲಿ ನನ್ನ ಚಿತ್ರ ಬರೆಯಬೇಡಿ. ನಾನು ತಲೆಯಾಡಿಸಿದೆ. ಅವಳು ಪೆನ್ನು ಬಿಡಲಿಲ್ಲ. ಇನ್ನೊಂದು ಸಾಲು ಸೇರಿಸಿದಳು: ನೋಡಿದರೆ ಅಡ್ಡಿಯಿಲ್ಲ.

ನೋಡಿದೆ. ಪೆನ್ಸಿಲಿಲ್ಲದೆ ಅಷ್ಟು ಹೊತ್ತು ನಾನು ಯಾರನ್ನೂ ನೋಡಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮನೆಗೆ ಬಂದಳು. ಹೊತ್ತುಹೊತ್ತಿಗೆ ಮಾತ್ರೆ, ಮಧ್ಯಾಹ್ನ ಕಡ್ಡಾಯ ವಿಶ್ರಾಂತಿ. ಸುದ್ದಿ ಹೇಳಲು ಮಾಳಿಗೆ ಹತ್ತಿದಾಗ ಇಮಾಮಸಾಬರ ಕಾಲು ಮುಟ್ಟಲು ಬಗ್ಗಿದೆ. ಅವರು ಗಾಬರಿಯಾಗಿ ಸ್ಟೂಲಿನ ಹಿಂದೆ ಸರಿದರು. "ಹಂಗೆಲ್ಲಾ ಮಾಡಬ್ಯಾಡ್ರೀ, ನಿಮಗ ಸೊಂಟಾ ಹಿಡೀತೈತಿ," ಎಂದರು. ಪುಸ್ತಕ ಈಸಿಕೊಂಡು ನೋಡಿ, "ಮೂಗು ಇನ್ನಾ ಬಂದಿಲ್ಲ," ಎಂದು ಹಿಂದಕ್ಕೆ ಕೊಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಅದು ಹಿಟ್ಟಿನ ಧೂಳಿಗಲ್ಲ ಎಂದು ತಿಳಿಯುವಷ್ಟು ಪಾಠ ನನಗೆ ಆಗಿತ್ತು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ನಿವೃತ್ತನಾಗಿದ್ದೇನೆ, ಜಲವರ್ಣಕ್ಕೆ ಬಡ್ತಿ ಪಡೆದಿದ್ದೇನೆ. ಹೋದ ವರ್ಷ ನಮ್ಮ ಸೊಸೈಟಿಯ ಗಣಪತಿ ಹಬ್ಬದಲ್ಲಿ ನನ್ನದೊಂದು ಚಿತ್ರವನ್ನು ಮಕ್ಕಳ ಚಿತ್ರಗಳ ನಡುವೆ ತೂಗಿಸಿದ್ದರು. ಮೂರನೆಯ ಮಹಡಿಯ ಹೆಂಗಸೊಬ್ಬರು ಬಹಳ ಮೆಚ್ಚಿ, ಈ ಮಗು ಯಾವ ಕ್ಲಾಸಿನಲ್ಲಿ ಓದುತ್ತದೆ ಎಂದು ಕೇಳಿದರಂತೆ. ದೊಡ್ಡ ಕಲಾವಿದನಾಗುವ ಭಯ ಇನ್ನು ಇಲ್ಲ.

ಇವತ್ತು ಗಿರಣಿಯಿಂದ ಬಂದು, ಸಂಜೆ ಎಂದಿನಂತೆ ಅವಳೆದುರು ಕೂತೆ. ಹುಬ್ಬು ಬರೆದು ಕಣ್ಣಿಗೆ ಬಂದಾಗ ಎಡ ರೆಪ್ಪೆ ಕೂದಲೆಳೆಯಷ್ಟು ಇಳಿದಂತೆ ಕಂಡಿತು. ಪೆನ್ಸಿಲು ಕೆಳಗಿಟ್ಟೆ.

"ವಾರಿಜಾ, ನಾನು ಎಷ್ಟು ಜನ ಕಾಣ್ತೇನೆ?"

ಅವಳು ಎರಡೂ ಕಣ್ಣು ಬಿಟ್ಟು ನನ್ನನ್ನು ಅಳೆದು ನೋಡಿದಳು.

"ಒಬ್ಬರೇ," ಎಂದಳು. "ಸಾಕು."