ಅಕ್ಕ ಬೇಡವೆಂದ ಹೆಸರು

ಅಕ್ಕನ ಕತ್ತಿನ ಹಿಂದೆ ಒಂದು ಕೆಂಪು ಗೆರೆ ಇತ್ತು. ಮಾತ್ರೆ ಪ್ಯಾಕ್ ಮಾಡುವಾಗ ದಿನವಿಡೀ ತಲೆಗೆ ಹಾಕುವ ಟೋಪಿಯ ಎಲಾಸ್ಟಿಕ್ ಒತ್ತಿ ಆದದ್ದು. ಅವರ ಮುಖಕ್ಕಿಂತ ಆ ಗೆರೆಯೇ ನನಗೆ ಹೆಚ್ಚು ಪರಿಚಯ. ಉಪ್ಪಲ್ ಬಸ್ಸಿನಲ್ಲಿ ಅವರು ಮುಂದಿನ ಸೀಟು, ನಾನು ಹಿಂದಿನದು. ತಿರುಗಿ ನೋಡದೆ, ಕಿಟಕಿಗೆ ಹೇಳಿದಂತೆ ಮಾತಾಡುತ್ತಿದ್ದರು, ಅದೂ ಕನ್ನಡದಲ್ಲಿ. “ತೆಲುಗಿನಾಗ ಅಂದ್ರ ಬಸ್ಸಿಗೆಲ್ಲ ತಿಳೀತೈತಿ. ನನ್ನ ಕೂಡ ಕಂಡ್ರ ನಿನಗ ತ್ರಾಸು.”

ಅಕ್ಕ ಬೀದರ್ ಕಡೆಯವರು, ನಮ್ಮ ಕಾರ್ಖಾನೆಯ ಯೂನಿಯನ್ ಮುಖಂಡೆ, ಕಾಯಂ ನೌಕರಿಯವರು. ನಾನು ಒಂದು ವರ್ಷದ ಕರಾರಿನವಳು. ಅಪ್ಪ ಅವ್ವ ಯಾದಗಿರಿಯಿಂದ ಈ ತೆಲುಗು ಊರಿಗೆ ಬಂದು ಇಟ್ಟಿಗೆ ಹೊತ್ತವರು. ನಾರಾಯಣಗೂಡದ ಕಾಲೇಜಿನಲ್ಲಿ ಓದಿ ಪದವಿ ಪಡೆದವಳು ನಮ್ಮ ಮನೆತನದಲ್ಲಿ ನಾನೇ ಮೊದಲು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಅಕ್ಕ ನನ್ನನ್ನು ಕರೆಯುತ್ತಿದ್ದುದೇ “ಏ ಡಿಗ್ರಿ” ಎಂದು.

ಹೊಸ ಕಾರ್ಮಿಕ ಕಾನೂನು ಬಂತು. ಹಾಜರಿ ಪುಸ್ತಕದಲ್ಲಿರುವ ಅರ್ಧಕ್ಕಿಂತ ಹೆಚ್ಚು ಕಾರ್ಮಿಕರು ಯಾವ ಯೂನಿಯನ್ ಕಡೆಗಿದ್ದಾರೋ ಅದಕ್ಕೆ ಮಾತ್ರ ಮಾಲೀಕರ ಎದುರು ಮಾತುಕತೆಗೆ ಕೂರುವ ಮಾನ್ಯತೆ. ಅಷ್ಟರಲ್ಲಿ ಕಂಪನಿಗೆ ಬೇಕಾದವರ ಇನ್ನೊಂದು ಯೂನಿಯನ್ ಹುಟ್ಟಿತ್ತು. ಆ ಪುಸ್ತಕದಲ್ಲಿ ನನ್ನಂಥ ಕರಾರಿನವರೇ ಹೆಚ್ಚು. ಅಕ್ಕನ ಜೊತೆ ಚಹಾ ಕುಡಿಯುತ್ತಿದ್ದ ನನ್ನ ಗೆಳತಿಯ ಕರಾರು ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಆಮೇಲೆ ಅಕ್ಕ ಒಬ್ಬರೇ ಚಹಾ ಕುಡಿಯತೊಡಗಿದರು.

ಒಂದು ಸಂಜೆ ಧೈರ್ಯ ಮಾಡಿ ಹೇಳಿದೆ: “ಯೂನಿಯನ್ನಿಗೆ ನನ್ನ ಹೆಸರೂ ಸೇರಿಸ್ಕೋರಿ ಅಕ್ಕಾ.”

“ನಿನ್ನ ಕರಾರು ಯಾವಾಗ ಮುಗೀತೈತಿ?”

“ಬರೂ ತಿಂಗಳ.”

“ಹಂಗಾದ್ರ ಬ್ಯಾಡ. ನಿಮ್ಮವ್ವ ನನ್ನ ಬಯ್ಯಾಕ ಗೇಟಿನತನಕ ಬರ್ತಾಳ.”

“ಮಂದಿ ಕಡಿಮಿ ಬಿದ್ರ?”

“ಬಿದ್ರ ಬೀಳ್ಲಿ. ಸುಮ್ಮ ಕೂಡು.”

ಕಡಿಮೆಯೇ ಬಿದ್ದರು. ಮಾನ್ಯತೆ ಆ ಇನ್ನೊಂದು ಯೂನಿಯನ್ನಿಗೆ ಹೋಯಿತು. ನನ್ನ ಕರಾರು ಮತ್ತೊಂದು ವರ್ಷ ಮುಂದುವರಿಯಿತು. ಕೆಲಸದ ವೇಳೆಯಲ್ಲಿ ಯೂನಿಯನ್ ಮಾತಾಡಿದರೆಂದು ಅಕ್ಕನನ್ನು ಅಮಾನತು ಮಾಡಿದರು.

ಬರುವ ಸೋಮವಾರ ಅವರ ವಿಚಾರಣೆ. ಜೊತೆಗೆ ಕೂರಲು ಕೆಲಸಗಾರರೊಬ್ಬರನ್ನು ಕರೆತರಬಹುದು. ಅಕ್ಕ ಯಾರನ್ನೂ ಕೇಳಲಿಲ್ಲ. ನಾನೇ ಆಫೀಸಿಗೆ ಹೋಗಿ ನನ್ನ ಹೆಸರು ಕೊಟ್ಟೆ. ಅಲ್ಲಿಯ ಸಾಹೇಬರು ಬರೆದುಕೊಂಡು, ಬಹಳ ಮೆತ್ತಗೆ, “ಘರ್ ಮೆ ಪೂಛ್ ಕೆ ಆಯೇ ಕ್ಯಾ?” ಎಂದರು.

ಮನೆಯಲ್ಲಿ ಕೇಳಿರಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಫೋನ್ ರಿಂಗಾದರೆ ಹೊರಗೆ ಹೋಗಿ ತೆಗೆಯುತ್ತೇನೆ. ಆದರೂ ಹೆಸರು ವಾಪಸು ತೆಗೆದುಕೊಂಡಿಲ್ಲ.